ಪಂಜರದ ಕುಸ್ತಿಯೂ ನಮ್ಮ ಮಾವನವರ ತೀರ್ಪೂ

ನಂಜನಗೂಡಿನ ನಮ್ಮ ಮಾವನವರ ಮನೆಯಲ್ಲಿ ಎರಡು ವರ್ಷ ಕಾಲ ಟೀವಿಯ ಪಂಜರದ ಕುಸ್ತಿಯಲ್ಲಿ ಸೋತವರೇ ಗೆಲ್ಲುತ್ತಿದ್ದರು. ಅಮೆರಿಕಾದಲ್ಲಿ ಯಾರ ಸೊಂಟಕ್ಕೆ ಬಂಗಾರದ ಪಟ್ಟಿ ಕಟ್ಟಿದರೂ ನಮ್ಮ ಹಜಾರದಲ್ಲಿ ಅದು ನಡೆಯುತ್ತಿರಲಿಲ್ಲ. ನಮ್ಮಲ್ಲಿ ತೀರ್ಪು ಕೊಡುತ್ತಿದ್ದವರು ಮಾವನವರು. ಅವರ ತೀರ್ಪಿನ ಮೇಲೆ ಅಪೀಲು ಇರಲಿಲ್ಲ.

ಮಾವನವರು ಪೈಲ್ವಾನರು. ನಾನು ಆ ಮನೆಗೆ ಕಿರಿ ಸೊಸೆಯಾಗಿ ಬಂದಾಗ, ಅಂದರೆ ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ, ಅವರಿಗೆ ಅರವತ್ತೈದು ದಾಟಿತ್ತು. ಕುಸ್ತಿ ಆಡುವುದು ಬಿಟ್ಟು ಎಷ್ಟೋ ಕಾಲವಾಗಿದ್ದರೂ ಬೆಳಗ್ಗೆ ಎದ್ದು ಗರಡಿಗೆ ಹೋಗಿ, ಪೈಲ್ವಾನರು ಸೆಣಸುವ ಮಟ್ಟಿಯ ಕೆಂಪು ಮಣ್ಣನ್ನು ಒಂದು ಸಲ ಕೆದಕಿ ಹದ ಮಾಡಿ ಬರದಿದ್ದರೆ ಅವರಿಗೆ ಕಾಫಿ ಇಳಿಯುತ್ತಿರಲಿಲ್ಲ. ಸುತ್ತಮುತ್ತ ಅವರಿಗೆ ಹೆಸರಿದ್ದದ್ದು ಜೋಡಿ ಕಟ್ಟುವುದರಲ್ಲಿ. ಪಂದ್ಯಕ್ಕೆ ಮೊದಲು ಯಾರ ಎದುರು ಯಾರನ್ನು ಬಿಡಬೇಕು ಅಂತ ತೂಕ, ಮೈಕಟ್ಟು, ಗುಂಡಿಗೆ ಎಲ್ಲ ನೋಡಿ ಗೊತ್ತು ಮಾಡುವ ಕೆಲಸ ಅದು. ಹೆಡತಲೆಯಿಂದ ಹಿಡಿದು ಬನ್ನೂರಿನವರೆಗೆ ಜನ ಬಂದು ಅವರನ್ನು ಅದಕ್ಕೆಂದೇ ಕರೆದುಕೊಂಡು ಹೋಗುತ್ತಿದ್ದರು. ಅವರು ಕಟ್ಟಿದ ಜೋಡಿ ಸುಳ್ಳಾಗುವುದಿಲ್ಲ ಅಂತ ಮಾತಿತ್ತು.

ನನ್ನನ್ನು ನೋಡಲು ಬಂದಾಗಲೂ ಅವರು ಹಾಡು ಬರುತ್ತಾ, ಅಡುಗೆ ಬರುತ್ತಾ ಅಂತ ಕೇಳಲಿಲ್ಲ. ಕಾಫಿ ತಟ್ಟೆ ಹಿಡಿದಿದ್ದ ನನ್ನ ಮುಂಗೈ ನೋಡಿದರು. ಆಮೇಲೆ ಪಕ್ಕದಲ್ಲಿ ತಲೆ ತಗ್ಗಿಸಿ ಕೂತಿದ್ದ ಮಗನನ್ನು ಮೇಲಿಂದ ಕೆಳಗೆ ನೋಡಿದರು. "ಸಮ ಅದೆ ಬುಡಿ, ಜೋಡಿ ಕಟ್ಟವ" ಅಂದರು. ಇದು ಮದುವೆಗೆ ಒಪ್ಪಿಗೆಯೋ ಪಂದ್ಯದ ಕರೆಯೋ ಅಂತ ತಿಳಿಯದೆ ನಮ್ಮಪ್ಪ ಸ್ವಲ್ಪ ಹೊತ್ತು ಕಣ್ಣು ಕಣ್ಣು ಬಿಟ್ಟರು. ಎರಡಕ್ಕೂ ಅಂಥ ವ್ಯತ್ಯಾಸವೇನಿಲ್ಲ ಅಂತ ನನಗೆ ಮದುವೆಯಾದ ಮೇಲೆ ಗೊತ್ತಾಯಿತು.

ಅತ್ತೆ ಮಾವನವರನ್ನು ಬಿಟ್ಟರೆ ಆ ಮನೆಯಲ್ಲಿ ಆಗಲೇ ಎರಡು ಜೋಡಿ ಇದ್ದವು. ಜಮೀನು ನೋಡಿಕೊಳ್ಳುತ್ತಿದ್ದ ದೊಡ್ಡ ಭಾವ ಮತ್ತು ಅವರ ಹೆಂಡತಿ, ವೆಲ್ಡಿಂಗ್ ಅಂಗಡಿ ಇಟ್ಟಿದ್ದ ಚಿಕ್ಕ ಭಾವ ಮತ್ತು ಅವರ ಹೆಂಡತಿ. ಮೂರನೆಯ ಜೋಡಿ ನಾವು. ಮೂರು ಜೋಡಿಗೆ ಒಂದು ಒಲೆ, ಒಂದು ಬಚ್ಚಲು, ಒಂದು ಟೀವಿ. ಮುಂದಿನ ಜಗಲಿಗೆ ಚಿಕ್ಕ ಭಾವ ತಮ್ಮ ಕೈಯಾರೆ ನೆಲದಿಂದ ಸೂರಿನವರೆಗೆ ಕಬ್ಬಿಣದ ಗ್ರಿಲ್ ಹೊಡೆದಿದ್ದರು. ಅದರ ಬೀಗದ ಕೈ ಮಾವನವರ ಉಡಿದಾರದಲ್ಲಿ ನೇತಾಡುತ್ತಿತ್ತು. ಟೀವಿಯ ಪಂಜರ ನೋಡಿದಾಗಲೆಲ್ಲ ನನಗೆ ನಗು ಬರುತ್ತಿದ್ದುದು ಯಾಕೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮನೆಮಂದಿಯೆಲ್ಲ ಕುಸ್ತಿ ನೋಡುವುದು ಪದ್ಧತಿ. ಮಾಮೂಲಿ ಪಂದ್ಯಗಳಲ್ಲಿ ಮಾವನವರಿಗೆ ಒಂದೇ ತಕರಾರು. "ಬೆನ್ನು ಮುಟ್ತು, ಮುಗೀತು. ಅದೇನು ಮೂರು ಎಣ್ಸೋದು? ಮಗ್ಗಿ ಕಲೀತಾವ್ನಾ?" ಅನ್ನುತ್ತಿದ್ದರು. ಆಗೊಮ್ಮೆ ಈಗೊಮ್ಮೆ ಪಂಜರದ ಕುಸ್ತಿ ಬರುತ್ತಿತ್ತು. ಅಖಾಡದ ಸುತ್ತ ಉಕ್ಕಿನ ಜಾಲರಿ ಕಟ್ಟಿ, ಪೈಲ್ವಾನರನ್ನು ಒಳಗೆ ಬಿಟ್ಟು ಬೀಗ ಹಾಕುತ್ತಾರೆ. ಯಾರು ಮೊದಲು ಜಾಲರಿ ಹತ್ತಿ ಆಚೆ ಇಳಿಯುತ್ತಾರೋ ಅವರು ಗೆದ್ದಂತೆ. ಮಾವನವರು ಇದನ್ನು ತಲೆಕೆಳಗು ಮಾಡಿ ತಿಳಿದಿದ್ದರು. ತಪ್ಪು ಅವರದಲ್ಲ. ಗರಡಿಯಲ್ಲಿ ಬೆಳೆದವರಿಗೆ ಮಟ್ಟಿ ಬಿಟ್ಟು ಇಳಿದು ಓಡುವುದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ಚಿತ್ ಆದವನನ್ನು ಜನ ಮರೆಯುತ್ತಾರೆ, ಓಡಿದವನನ್ನು ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ.

ಹಾಗಾಗಿ ಯಾರಾದರೂ ಜಾಲರಿ ಹತ್ತತೊಡಗಿದರೆ ಮಾವನವರು "ಥೂ, ಇಳೀಲಾ ಕೆಳೀಕೆ" ಅಂತ ಗದರುತ್ತಿದ್ದರು. ಅವನು ಆಚೆ ಹಾರಿದರೆ ಒಳಗೆ ಬಿದ್ದಿದ್ದವನಿಗೆ ಚಪ್ಪಾಳೆ ಹೊಡೆಯುತ್ತಿದ್ದರು. ಪಟ್ಟೆ ಪಟ್ಟೆ ಅಂಗಿಯ ರೆಫರಿ ಬಂದು ಗೆದ್ದವನ ಕೈ ಹಿಡಿದೆತ್ತಿದರೆ, "ನೋಡು, ಓಡೋಯ್ತಿದ್ದೋನ ಇಡ್ಕಂಡ್ರು" ಅನ್ನುತ್ತಿದ್ದರು. ನಮ್ಮ ಕಡೆ ಗೆದ್ದವನನ್ನು ಹೆಗಲ ಮೇಲೆ ಹೊತ್ತು ಮೆರೆಸುತ್ತಾರಲ್ಲ, ಕೈ ಹಿಡಿದು ನಿಲ್ಲಿಸುವುದು ಅವರ ಕಣ್ಣಿಗೆ ಮರ್ಯಾದೆಯಾಗಿ ಕಾಣಲೇ ಇಲ್ಲ. ಸೊಂಟಕ್ಕೆ ಬಂಗಾರದ ಪಟ್ಟಿ ಕೊಟ್ಟರೆ? "ಪಾಪ, ಸಮಾಧಾನಕ್ಕೆ ಕೊಟ್ಟವ್ರೆ." ಗಂಡುಮಕ್ಕಳು ಮೂವರಿಗೂ ನಿಜ ಗೊತ್ತಿತ್ತು. ಒಂದು ಸಲ ದೊಡ್ಡ ಭಾವ ಬಾಯಿ ತೆರೆದದ್ದೂ ಉಂಟು. "ನಂಗೇ ಕುಸ್ತಿ ಏಳ್ಕೊಟ್ಟೀಯೇನ್ಲಾ?" ಅಂತ ಮಾವನವರು ಅಂದದ್ದೇ ತಡ, ಮುಚ್ಚಿಕೊಂಡರು.

ಇಷ್ಟರಲ್ಲಿ ನನಗೆ ಮೇಡಂ ಕೆಲಸ ಸಿಕ್ಕಿತು. ಮೂಗೂರಿನ ಆಚೆ ಒಂದು ಪ್ರೈಮರಿ ಸ್ಕೂಲು. ನಂಜನಗೂಡಿನಿಂದ ನರಸೀಪುರಕ್ಕೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಎರಡು ತಿಂಗಳು ಓಡಾಡಿದೆ. ಮಕ್ಕಳಿಗೆ ಅ ಆ ಇ ಈ ಹೇಳಿಕೊಡುತ್ತಾ ನಾನೇ ತೂಕಡಿಸಿದ ದಿನ, ಇನ್ನು ಆಗುವುದಿಲ್ಲ ಅನ್ನಿಸಿತು. ಕೊನೆಗೆ ಸೋಮವಾರದಿಂದ ಶನಿವಾರದವರೆಗೆ ನರಸೀಪುರದಲ್ಲಿದ್ದ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಇದ್ದು, ಭಾನುವಾರಕ್ಕೆ ನಂಜನಗೂಡಿಗೆ ಬರುವುದು ಅಂತಾಯಿತು. ನನ್ನ ಗಂಡ ಮೈಸೂರಿನ ಒಂದು ಆಫೀಸಿನಲ್ಲಿ ಗುಮಾಸ್ತರು. ಮೈಸೂರಿಗೆ ನಂಜನಗೂಡಿನಿಂದ ಎಷ್ಟು ಹೊತ್ತೋ ನರಸೀಪುರದಿಂದಲೂ ಹೆಚ್ಚುಕಮ್ಮಿ ಅಷ್ಟೇ. ಚಿಕ್ಕಮ್ಮನ ಮನೆ ಪಕ್ಕದಲ್ಲೇ ಎರಡು ಕೋಣೆಯ ಮನೆ ಖಾಲಿ ಇತ್ತು. ಇವರು ಒಂದು ಮಾತು ಅಪ್ಪನನ್ನು ಕೇಳಿದ್ದರೆ ನಾವಿಬ್ಬರೂ ಒಂದು ಸೂರಿನ ಕೆಳಗೆ ಇರಬಹುದಿತ್ತು.

ಆ ಒಂದು ಮಾತೇ ಇವರ ಬಾಯಿಂದ ಹೊರಡಲಿಲ್ಲ. ಮುನ್ನೂರು ಬಸ್ಕಿ ಹೊಡೆಯುವ ಗಂಡಸು, ಅಪ್ಪನ ಎದುರು ನಿಂತರೆ "ಊಟ ಆಯ್ತಾ ಅಪ್ಪಾ" ಅಂತ ಕೇಳಿ ಬರುತ್ತಿದ್ದರು. "ಈ ಭಾನುವಾರ ಕೇಳೇ ಕೇಳ್ತೀನಿ" ಅಂತ ಎಷ್ಟು ಭಾನುವಾರ ಹೇಳಿದರೋ. ಸಾಲದ್ದಕ್ಕೆ ನಾನು ನರಸೀಪುರದಲ್ಲಿ ಉಳಿಯತೊಡಗಿದ ಮೊದಲ ವಾರವೇ ಮಾವನವರು ಯಾರಿಗೋ ಹೇಳುವ ಹಾಗೆ, "ಮಟ್ಟಿ ಬುಟ್ಟೋದೋರು ಸೋತಂಗೇ ಸೈ" ಅಂದಿದ್ದರು. ಅದು ನನಗೆ ನಾಟಿತ್ತು. ಚಿಕ್ಕಮ್ಮನ ಮನೆಯಲ್ಲಿ ಒಬ್ಬಳೇ ಮಲಗಿದರೆ ಇವರ ಮೇಲೆ ಸಿಟ್ಟು ಬರುತ್ತಿತ್ತು. ಸಿಟ್ಟು ಇಳಿದ ಮೇಲೆ ಇವರಿಲ್ಲವಲ್ಲ ಅಂತ ಅಳು ಬರುತ್ತಿತ್ತು. ಖಾಲಿ ಮನೆಯ ಯಜಮಾನರು ಕಾದೂ ಕಾದೂ, ಈ ವಾರ ಹೇಳದಿದ್ದರೆ ಬೇರೆಯವರಿಗೆ ಕೊಡ್ತೀನಿ ಅಂದರು.

ಆ ವಾರದ ಭಾನುವಾರವೇ ಮೂರು ಜೋಡಿಯ ಪಂಜರದ ಕುಸ್ತಿ ಬಂತು.

ಒಂದು ಜೋಡಿ ಮುಖಕ್ಕೆಲ್ಲ ಬಣ್ಣ ಬಳಿದುಕೊಂಡಿತ್ತು. ಇನ್ನೊಂದರಲ್ಲಿ ಇಬ್ಬರೂ ಬೋಳುತಲೆಯವರು. ಮೂರನೆಯದರಲ್ಲಿ ಒಬ್ಬ ಕಂಬದ ಹಾಗೆ, ಒಬ್ಬ ಕಲಗಚ್ಚಿನ ಬಾನಿಯ ಹಾಗೆ. ಆರು ಜನವೂ ಒಟ್ಟಿಗೆ ಹೊಡೆದಾಡತೊಡಗಿದರು. "ಎದುರಾಬದುರು ನಿಲ್ದೆ ಇದೇನ್ಲಾ ಸಂತೆ? ಯಾವನ್ಲಾ ಈ ಜೋಡಿ ಕಟ್ಟಿದೋನು?" ಅಂತ ಮಾವನವರು ಶುರು ಮಾಡಿದರು. ಚಿಕ್ಕ ಭಾವನ ಕಣ್ಣು ಎಂದಿನ ಹಾಗೆ ಜಾಲರಿಯ ಮೇಲೆ. "ಮೂಲೆ ನೋಡು, ಎಂಗೆ ಅಳ್ಳಾಡ್ತದೆ. ನಮ್ಮಂಗ್ಡಿ ವೆಲ್ಡಿಂಗ್ ಆಗಿದ್ರೆ ಆನೆ ಗುದ್ದಿದ್ರೂ ಅಲ್ಲಾಡ್ತಿರ್ನಿಲ್ಲ" ಅಂದರು. ಅವರೇಕಾಯಿ ಬಿಡಿಸುತ್ತಾ ಕೂತಿದ್ದ ಅತ್ತೆ, "ಅಷ್ಟೊಂದು ಬೆವರ್ತಾವ್ರಲ್ಲ, ಒಂದು ಲೋಟ ಮಜ್ಜಿಗೆ ಕೊಡೋರು ಗತಿಯಿಲ್ವಾ?" ಅಂದರು.

ಬಣ್ಣದ ಜೋಡಿಯಲ್ಲಿ ಒಬ್ಬ ಹೇಗೋ ತಪ್ಪಿಸಿಕೊಂಡು ಜಾಲರಿ ಹತ್ತಿ ಆಚೆ ಇಳಿದ. ಅವನ ಜೊತೆಗಾರ ಒಳಗೇ ಉಳಿದು ನಾಲ್ಕೂ ಜನರ ಕೈಗೆ ಸಿಕ್ಕಿಕೊಂಡ. ಮಾವನವರು ತೊಡೆ ತಟ್ಟಿದರು. "ನೋಡ್ಲಾ, ಒಬ್ಬ ಪರಾರಿ! ಜೊತೆಗಾರನ್ನ ಬುಟ್ಟು ಓಡೋದ. ಒಳಗೆ ನಿಂತವ್ನಲ್ಲ, ಅಂವ ಗಂಡು!" ಅನ್ನುತ್ತಾ ಪಕ್ಕದಲ್ಲಿದ್ದ ಕಿರಿಮಗನ ಬೆನ್ನು ಚಪ್ಪರಿಸಿದರು. ನನ್ನ ಗಂಡ ಹಲ್ಲು ಬಿಟ್ಟರು. ಒಳಗೆ ನಿಂತ ಗಂಡು ತಾವೇ ಅನ್ನುವ ಹಾಗೆ ಬಿಟ್ಟರು. ಆ ನಗು ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು.

"ಅವನು ಓಡಿಲ್ಲ ಮಾವ" ಅಂದುಬಿಟ್ಟೆ.

ಅತ್ತೆಯ ಕೈಯಲ್ಲಿ ಅವರೇಕಾಯಿ ನಿಂತಿತು. ಮಾವನವರು ನಿಧಾನವಾಗಿ ತಿರುಗಿದರು. "ಏನಂದೆ?"

"ಈ ಕುಸ್ತೀಲಿ ಆಚೆ ಬಂದವರೇ ಗೆದ್ದ ಹಾಗೆ. ಆದರೆ ಒಬ್ಬರು ಬಂದರೆ ಆಗಲ್ಲ. ಜೋಡೀಲಿ ಇಬ್ಬರೂ ಇಳಿದು ನೆಲಕ್ಕೆ ಕಾಲಿಟ್ಟರೆ ಮಾತ್ರ ಗೆಲುವು. ಇಂಗ್ಲಿಷಿನಲ್ಲಿ ಅದನ್ನೇ ಹೇಳ್ತಾ ಇದಾರೆ."

ಮಾವನವರು ಮಕ್ಕಳ ಕಡೆ ನೋಡಿದರು. "ಔದೇನ್ಲಾ?" ದೊಡ್ಡ ಭಾವ ಫ್ಯಾನು ನೋಡಿದರು. ಚಿಕ್ಕ ಭಾವ ಉಗುರು ನೋಡಿಕೊಂಡರು. ನನ್ನ ಗಂಡ ನನ್ನನ್ನು ನೋಡಿದರು. ಮಾವನವರಿಗೆ ಅಷ್ಟು ಸಾಕಾಯಿತು. ಅವರ ಮುಖ ಸಪ್ಪಗಾದದ್ದು ಕಂಡು, ನನ್ನ ನಾಲಿಗೆಗೆ ಬೆಂಕಿ ಬೀಳ ಅಂದುಕೊಂಡೆ.

ಅಷ್ಟರಲ್ಲಿ ಟೀವಿಯಲ್ಲಿ ಆಚೆ ಇದ್ದ ಬಣ್ಣದ ಮುಖದವನು ಮತ್ತೆ ಜಾಲರಿ ಹತ್ತತೊಡಗಿದ. ಮಾವನವರು ಅದನ್ನೇ ನೋಡುತ್ತಾ ಮೆಲ್ಲಗೆ ಕೇಳಿದರು. "ಮತ್ತೆ ಆಚೆ ಬಂದೋನು ಯಾಕವ್ವ ತಿರ್ಗಾ ಒಳೀಕೆ ಓಯ್ತಾವ್ನೆ?"

"ಜೊತೆಗಾರ ಒಳಗೇ ಇದಾನಲ್ಲ ಮಾವ. ಅವನು ಬರೋವರೆಗೂ ಇವನು ಇಳಿದೂ ಪ್ರಯೋಜನ ಇಲ್ಲ" ಅಂದೆ. ಕುಸ್ತಿಯ ವಿಷಯ ಹೇಳಲು ಹೊರಟವಳು. ಮಾತು ಮುಗಿಯುವಷ್ಟರಲ್ಲಿ ಕಣ್ಣಲ್ಲಿ ನೀರು ಬಂತು. ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಎದ್ದುಹೋದೆ.

ಮಾವನವರು ಕೊನೆಯವರೆಗೂ ನೋಡಿದರಂತೆ. ಬಣ್ಣದವರಿಬ್ಬರೂ ಒಬ್ಬರನ್ನೊಬ್ಬರು ಎಳೆದುಕೊಂಡು ಆಚೆ ಬಿದ್ದರಂತೆ. ರೆಫರಿ ಇಬ್ಬರ ಕೈ ಹಿಡಿದೆತ್ತಿದಾಗ ಓಡಿದೋರ ಇಡ್ಕಂಡ್ರು ಅಂತ ಈ ಸಲ ಅವರು ಅನ್ನಲಿಲ್ಲವಂತೆ. ಸಂಜೆ ಹಿತ್ತಲಲ್ಲಿ ಅತ್ತೆಯನ್ನು ಕೇಳುತ್ತಿದ್ದುದು ನನ್ನ ಕಿವಿಗೇ ಬಿತ್ತು.

"ನಿಂಗೂ ಗೊತ್ತಿತ್ತಾ?"

"ಆಚೆ ಬಂದೋರು ನಗ್ತಿದ್ರು, ಒಳಗಿರೋರು ನರಳ್ತಿದ್ರು. ಗೆದ್ದೋರ್ಯಾರು ಅಂತ ತಿಳಿಯಕೆ ಗರಡಿಗೋಗಿ ಬರ್ಬೇಕಾ?"

"ಮತ್ಯಾಕೆ ಏಳ್ನಿಲ್ಲ?"

"ನಿಮ್ಗೆ ಕುಸಿಯಾಗ್ತಿತ್ತಲ್ಲ, ಇರ್ಲಿ ಅಂತ ಸುಮ್ಕಿದ್ದೆ."

ಮಾರನೆಯ ಬೆಳಗ್ಗೆ ಆರು ಹತ್ತರ ಬಸ್ಸಿಗೆ ಹೊರಟು, ಕೈಚೀಲ ಹಿಡಿದು ಜಗಲಿಗೆ ಬಂದೆ. ಗ್ರಿಲ್ಲಿನ ಬಾಗಿಲು ಅಷ್ಟಗಲ ತೆರೆದಿತ್ತು. ಹೊರಗೆ ಮೆಟ್ಟಿಲ ಪಕ್ಕ ನನ್ನ ಗಂಡನ ತಗಡಿನ ಟ್ರಂಕು, ಅದರ ಮೇಲೆ ಸುತ್ತಿದ ಹಾಸಿಗೆ. ಮಾವನವರು ಗರಡಿಯಿಂದ ಆಗಲೇ ಬಂದಿದ್ದರು, ಕೈಯಲ್ಲಿ ಇನ್ನೂ ಕೆಮ್ಮಣ್ಣಿತ್ತು. ಒಳಗೆ ನನ್ನ ಗಂಡ ಅಂಗಿಯ ಗುಂಡಿಯನ್ನು ತಪ್ಪು ತೂತಿಗೆ ಹಾಕಿಕೊಂಡು, ಏನೂ ಅರ್ಥವಾಗದೆ ನಿಂತಿದ್ದರು.

"ಏನ್ಲಾ ನಿಂತಿದ್ದೀಯೆ? ನಡಿ ಆಚೆಗೆ" ಅಂದರು ಮಾವನವರು.

"ಅಪ್ಪಾ, ನಾನು..."

"ನೀನು ಒಳೀಕೆ ನಿಂತಿದ್ರೆ ಅವ್ಳು ವಾರ ವಾರ ಅತ್ತಿ ಬರ್ಬೇಕು, ವಾರ ವಾರ ಇಳೀಬೇಕು. ಈ ಜೋಡಿ ಕಟ್ಟಿದೋನು ನಾನು ಕಣ್ಲಾ. ಅದು ಕೆಟ್ರೆ ನನ್ನೆಸ್ರು ಕೆಡ್ತದೆ."

ನನ್ನ ಗಂಡ ಅಪ್ಪನ ಕಾಲಿಗೆ ಬಿದ್ದು ಎದ್ದು ಮೆಟ್ಟಿಲಿಳಿದರು. ಹೊಸಿಲಲ್ಲಿ ನಿಂತಿದ್ದ ಅತ್ತೆ ಬಾಯಿ ಬಿಟ್ಟರು. "ಮಟ್ಟಿ ಬುಟ್ಟೋದ್ರು ಅಂತ ಬೀದಿಯೋರು ಅಂದ್ರೆ ಏನಂತೀರಿ?"

"ಅಂದೋರಿಗೆ ಈ ಕುಸ್ತಿ ಗೊತ್ತಿಲ್ಲ ಅಂತೀನಿ" ಅಂದರು ಮಾವನವರು, ಹುಟ್ಟಿದಾಗಿನಿಂದ ಗೊತ್ತಿದ್ದವರ ಹಾಗೆ.

ಆಮೇಲೆ ಅವರೂ ಮೆಟ್ಟಿಲಿಳಿದು ಬಂದು ನಮ್ಮಿಬ್ಬರ ನಡುವೆ ನಿಂತರು. ಒಂದು ಕೈಯಲ್ಲಿ ಮಗನ ಮುಂಗೈ, ಇನ್ನೊಂದರಲ್ಲಿ ನನ್ನ ಮುಂಗೈ ಹಿಡಿದರು. ಅದೇ ರೆಫರಿ ಮಾಡುವ ಹಾಗೆ ಎರಡನ್ನೂ ಮೇಲಕ್ಕೆತ್ತಿದರು. ಅಭ್ಯಾಸವಿಲ್ಲದ ಕೆಲಸ, ಭುಜದ ಮಟ್ಟಕ್ಕೆ ಬಂದು ನಿಂತಿತು. ನಾನು ನಗಬೇಕು ಅಂತಲೇ ಅವರ ಮುಖ ನೋಡಿದೆ. ಅವರು ನಮ್ಮನ್ನು ನೋಡುತ್ತಿರಲಿಲ್ಲ, ಬೀದಿಯ ಕೊನೆ ನೋಡುತ್ತಿದ್ದರು.

ಎತ್ತಿದ ಕೈಗಳನ್ನು ಅವರು ಇಳಿಸಿದರು. ಹಿಡಿದದ್ದನ್ನು ಬಿಡಲು ಮಾತ್ರ ಬಹಳ ಹೊತ್ತಾಯಿತು. ಆರು ಹತ್ತರ ಬಸ್ಸು ತಪ್ಪಿಹೋಯಿತು.