ಎರಡು ಕಾರಿನ ರಿವರ್ಸ್ ಗೇರು

ನಮ್ಮ ಯಜಮಾನರ ಬಾಯಲ್ಲಿ "ನಿನ್ನಿಷ್ಟ ಕಣೇ" ಎಂಬ ಮಾತು ಬಂದರೆ ಸಾಕು, ನನಗೆ ಮೈಯೆಲ್ಲ ಉರಿಯುತ್ತದೆ. ಸೀರೆ ಅಂಗಡಿಯಲ್ಲೂ ಅದೇ ಮಾತು, ರಾತ್ರಿಗೆ ಮುದ್ದೆಯೋ ಚಪಾತಿಯೋ ಎಂದರೂ ಅದೇ ಮಾತು. ಇರುವ ಎರಡು ಕಾರಿನಲ್ಲಿ ಒಂದನ್ನು ಕಳಿಸಲೇಬೇಕು, ಯಾವುದು ಹೇಳಿ ಎಂದು ಕೇಳಿದ ದಿನವೂ ಪೇಪರಿನಿಂದ ತಲೆ ಎತ್ತದೆ ಅದನ್ನೇ ಅಂದರು. ನನ್ನಿಷ್ಟ ಯಾವುದು ಅಂತ ನನಗೇ ಗೊತ್ತಿದ್ದರೆ ಇವರನ್ನು ಕೇಳಲು ನನಗೇನು ಹುಚ್ಚೇ?

ಹುಚ್ಚು ಇರುವುದು ನಿಜ, ಆದರೆ ಅದು ಕಾರಿನದು. ಯಜಮಾನರು ಹೊಸೂರಿನ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ದಿನವಿಡೀ ಕಬ್ಬಿಣ ಮುಟ್ಟಿ ಬರುವವರು. ಮನೆಗೆ ಬಂದ ಮೇಲೆ ಅವರಿಗೆ ಬೈಕ್ ಒರೆಸುವುದಕ್ಕೂ ಬೇಸರ. ಕಾರು ಓಡಿಸುವುದನ್ನು ಅವರು ಕಲಿಯಲೇ ಇಲ್ಲ. ನಾನು ಜವಳಗಿರಿಯಿಂದ ಆಚೆ ಒಂದು ಹಳ್ಳಿಯ ಕನ್ನಡ ಶಾಲೆಯಲ್ಲಿ ಟೀಚರ್. ಮತ್ತಿಗಿರಿಯ ಮನೆಯಿಂದ ದಿನಾ ಕಾಡಿನ ರಸ್ತೆ ಹಿಡಿದು ಹೋಗಿ ಬರುತ್ತೇನೆ. ಬಸ್ಸಿದೆಯಲ್ಲ ಎನ್ನುವವರಿಗೆ ನನ್ನದು ಒಂದೇ ಉತ್ತರ: ಇದೆ, ನೀವು ಹತ್ತಿ.

ಎರಡೂ ಹಳೆಯ ಕಾರುಗಳು, ಎರಡೂ ಫ್ರೆಂಚ್ ಜಾತಿಯವು. ಒಂದರ ಮೂತಿಯ ಮೇಲೆ ಸಿಂಹದ ಗುರುತು, ಇನ್ನೊಂದರ ಮೇಲೆ ಡೈಮಂಡಿನ ಗುರುತು. ನಮ್ಮ ಬೀದಿಯಲ್ಲಿ ಅವುಗಳ ಹೆಸರೂ ಅದೇ. ಸಿಂಹ ಮೂವತ್ತರ ಹತ್ತಿರದ ಮುದುಕ, ಡೀಸೆಲ್ಲು, ಐದು ಗೇರು. ಡೈಮಂಡು ಅದರ ಅರ್ಧ ವಯಸ್ಸಿನದು, ಆರು ಗೇರು, ಒಳಗೆ ತಂಪು ಗಾಳಿ. ಸಿಂಹದ ಹುಚ್ಚು ಹತ್ತಿದ್ದು ನಾನು ಗುಮ್ಮಳಾಪುರದಲ್ಲಿ ಲಂಗ ತೊಟ್ಟು ಓಡಾಡುತ್ತಿದ್ದ ಕಾಲಕ್ಕೆ. ಅಪ್ಪನ ಹುಳುಮನೆ ನೋಡಲು ರೇಷ್ಮೆ ಆಫೀಸರೊಬ್ಬರು ಅಂಥದೇ ಬಿಳಿ ಕಾರಿನಲ್ಲಿ ಬರುತ್ತಿದ್ದರು. ಒಂದು ಸಲ ಅಪ್ಪನ ಜೊತೆ ನನ್ನನ್ನೂ ಕೂರಿಸಿಕೊಂಡು ಹೋಗಿ ತಳಿ ಪೇಟೆಗೆ ಬಿಟ್ಟರು. ಆ ರಸ್ತೆಯ ಗುಂಡಿಗಳೆಲ್ಲ ನನಗೆ ಬಾಯಿಪಾಠ. ಗುಂಡಿ ಬಂತು ಅಂತ ಹಲ್ಲು ಕಚ್ಚಿಕೊಂಡೆ, ಗುಂಡಿ ದಾಟಿ ಹೋಗಿತ್ತು, ನನಗೆ ಗೊತ್ತೇ ಆಗಿರಲಿಲ್ಲ. ಅಜ್ಜಿಯ ತೊಡೆಯ ಮೇಲೆ ಕೂತ ಹಾಗಿತ್ತು ಆ ಸೀಟು. ಸಂಬಳ ಬರುವಂತಾದ ಮೇಲೆ ಹುಡುಕಿ ಹುಡುಕಿ ಅಂಥದೇ ಒಂದನ್ನು ತಂದೆ. ಆಮೇಲೆ ಶಾಲೆಗೆ ದಿನಾ ಓಡಾಡಲು ಅಂತ ಡೈಮಂಡು ಬಂತು. ಅದು ಕೆಲಸದ ಕಾರು, ಇದು ಪ್ರೀತಿಯ ಕಾರು ಅಂತ ಹೇಳಿಕೊಂಡು ಓಡಾಡುತ್ತಿದ್ದೆ.

ನಮ್ಮ ಮನೆಯ ಮುಂದೆ ಹಿಡಿಸುವುದು ಒಂದೇ ಕಾರು. ಸಿಂಹ ಪಕ್ಕದ ಖಾಲಿ ಸೈಟಿನಲ್ಲಿ ಹೊಂಗೆ ಮರದ ಕೆಳಗೆ ನಿಲ್ಲುತ್ತಿತ್ತು. ಸೈಟಿನ ಯಜಮಾನರು ತಮಿಳಿನವರು, ಒಳ್ಳೆಯ ಮನುಷ್ಯರು, ಇಷ್ಟು ವರ್ಷ ಒಂದು ಮಾತೂ ಅಂದವರಲ್ಲ. ಒಂದು ದಿನ ಬೆಳಿಗ್ಗೆ ಗೇಟಿನ ಹತ್ತಿರ ಬಂದು ನಿಂತು ಸಂಕೋಚ ಪಟ್ಟುಕೊಂಡೇ ಅಂದರು. "ಟೀಚರ್, ಪೂಜೆಗೆ ನಾಳ್ ಪಾತ್ತಾಚು. ಕಾರ್ ಕೊಂಚ ಎಡುತ್ತುಡುಂಗ." ಭೂಮಿಪೂಜೆಗೆ ದಿನ ಗೊತ್ತಾಗಿದೆ, ಕಾರು ತೆಗೆಯಿರಿ. ತಿಂಗಳ ಕೊನೆಗೆ ಪಾಯ ಅಗೆಯುತ್ತಾರಂತೆ. ಆಯ್ತು ಸಾರ್ ಎಂದು ನಗುನಗುತ್ತಾ ಹೇಳಿ ಒಳಗೆ ಬಂದೆ.

ಇಬ್ಬರಲ್ಲಿ ಯಾರನ್ನು ಕಳಿಸುವುದು? ಬೆಳಿಗ್ಗೆ ಹಲ್ಲುಜ್ಜುವಾಗ ಡೈಮಂಡು ಹೋಗಲಿ ಅನ್ನಿಸುತ್ತಿತ್ತು. ಸ್ಟಾರ್ಟ್ ಮಾಡಿ ತಳಿ ದಾಟುವಷ್ಟರಲ್ಲಿ, ಅಯ್ಯೋ ಇದು ಹೋದರೆ ನನ್ನ ಗತಿ ಏನು ಅನ್ನಿಸುತ್ತಿತ್ತು. ಸಂಜೆ ಹೊಂಗೆ ಹೂವು ಉದುರಿಸಿಕೊಂಡು ನಿಂತ ಸಿಂಹವನ್ನು ನೋಡಿದರೆ ಇದನ್ನು ಹೇಗೆ ಕಳಿಸಲಿ ಅನ್ನಿಸುತ್ತಿತ್ತು. ಮೆಕ್ಯಾನಿಕ್ಕನ್ನು ಕೇಳಿದೆ. ಅವನು ಮನೆಯಲ್ಲಿ ತೆಲುಗು, ನನ್ನ ಹತ್ತಿರ ಕನ್ನಡ, ಗಾಡಿಯ ಹತ್ತಿರ ಬರೀ ಬೈಗುಳ ಮಾತಾಡುವವನು. "ಅಕ್ಕಾ, ನನ್ ಮಾತ್ ಕೇಳ್ತೀರಾ? ಎರಡನ್ನೂ ಕೊಟ್ಬುಟ್ಟು ಒಂದ್ ನೆಟ್ಟಗಿರೋ ಗಾಡಿ ತಗೊಳ್ಳಿ. ಇವೆರಡರ ಸಾಮಾನು ಹುಡ್ಕೀ ಹುಡ್ಕೀ ನನ್ ಚಪ್ಪಲಿ ಸವೆದೋಯ್ತು" ಅಂದ. ಅವನ ಹತ್ತಿರ ಆಮೇಲೆ ಎರಡು ದಿನ ಮಾತು ಬಿಟ್ಟಿದ್ದೆ.

ಕೊನೆಗೆ ಟೀಚರ್ ಬುದ್ಧಿ ಓಡಿಸಿದೆ. ಪರೀಕ್ಷೆ ಇಟ್ಟರೆ ಆಯಿತು! ಒಂದು ದಿನ ಸಿಂಹದಲ್ಲಿ ಶಾಲೆಗೆ, ಮರುದಿನ ಡೈಮಂಡಿನಲ್ಲಿ. ಯಾರಿಗೂ ಅನ್ಯಾಯ ಬೇಡ. ಮನಸ್ಸಿನಲ್ಲೇ ಮಾರ್ಕ್ಸ್ ಕೊಡುತ್ತಾ ಹೋದೆ. ಸೀಟಿಗೆ ಸಿಂಹ ಫಸ್ಟ್, ಬ್ರೇಕಿಗೆ ಡೈಮಂಡು. ಸೆಕೆಗೆ ಡೈಮಂಡು, ಕಿಟಕಿಯ ಗಾಳಿಗೆ ಸಿಂಹ. ವಾರ ಕಳೆಯುವಷ್ಟರಲ್ಲಿ ಎರಡೂ ಸಮ ಸಮ ಬಂದು ನಿಂತವು. ಪರೀಕ್ಷೆ ಇಟ್ಟ ನನಗೇ ತಲೆ ಚಿಟ್ಟು ಹಿಡಿಯಿತು.

ಸತ್ಯ ಹೇಳಬೇಕೆಂದರೆ ನನ್ನ ಒಳಗೆ ಇನ್ನೊಂದು ಆಸೆ ಇತ್ತು. ನಮ್ಮ ಹಿಂದಿನ ಬೀದಿಯ ಹಿಟ್ಟಿನ ಗಿರಣಿಯ ಪಕ್ಕ ಒಂದು ಶೆಡ್ಡು ಖಾಲಿ ಇತ್ತು. ಅದು ಸಿಕ್ಕಿಬಿಟ್ಟರೆ ಎರಡೂ ಉಳಿಯುತ್ತವೆ, ನಾನು ಯಾರನ್ನೂ ಆರಿಸಬೇಕಿಲ್ಲ. ಗಿರಣಿಯವರ ಹತ್ತಿರ ಮಾತಾಡಿಯೂ ಆಗಿತ್ತು. ಯಜಮಾನರಿಗೆ ಮಾತ್ರ ಇನ್ನೂ ಹೇಳಿರಲಿಲ್ಲ.

ಆ ಶನಿವಾರ ಅವರಿಗೆ ರಜೆ. "ಬನ್ರೀ, ನೀವೇ ಕೂತು ನೋಡಿ, ಆಮೇಲೆ ಹೇಳಿ. ನಿನ್ನಿಷ್ಟ ಅನ್ನಂಗಿಲ್ಲ" ಎಂದು ಎಳೆದುಕೊಂಡು ಹೋದೆ. ಅವತ್ತು ಸಿಂಹದ ಸರದಿ. ಹೋಗುವಾಗ ಅವರು ಸೀಟಿನಲ್ಲಿ ಒರಗಿ ಗೊರಕೆ ಹೊಡೆದರು. ಅದನ್ನೇ ಒಳ್ಳೆಯ ಮಾರ್ಕ್ಸ್ ಅಂತ ಲೆಕ್ಕ ಹಿಡಿದೆ. ಶಾಲೆ ಮುಗಿಸಿ ಬರುವಾಗ ಕಾಡಿನ ನಡುವೆ ಶೆಡ್ಡಿನ ವಿಷಯ ತೆಗೆದೆ. ಕಿಟಕಿಯಾಚೆ ನೋಡುತ್ತಾ ಏನಂದರು ಹೇಳಿ? "ನಿನ್ನಿಷ್ಟ ಕಣೇ." ರೇಗಿ ಏನೋ ಅನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ತಿರುವು ಬಂತು, ತಿರುವಿನಾಚೆ ಆನೆ ನಿಂತಿತ್ತು.

ಹೆಣ್ಣಾನೆ. ಅದರ ಕಾಲ ಸಂದಿಯಲ್ಲಿ ಮರಿ. ನಮ್ಮ ಕಡೆಯವರಿಗೆ ಆನೆ ಹೊಸದಲ್ಲ. ಹಾರ್ನ್ ಹೊಡೆಯಬಾರದು, ಕೂಗಬಾರದು, ಮೆಲ್ಲಗೆ ಹಿಂದಕ್ಕೆ ಹೋಗಬೇಕು ಅಂತ ನನ್ನ ಒಂದನೇ ಕ್ಲಾಸಿನ ಮಕ್ಕಳೂ ಹೇಳುತ್ತವೆ. ಬ್ರೇಕ್ ಹಾಕಿ ನಿಲ್ಲಿಸಿದೆ. "ಹಿಂದ್ಕೆ ತಗೋ, ಹಿಂದ್ಕೆ ತಗೋ" ಎಂದು ಯಜಮಾನರು ಪಿಸುಗುಟ್ಟಿದರು.

ಇಲ್ಲಿ ಒಂದು ವಿಷಯ ಹೇಳಬೇಕು. ಈ ಎರಡು ಕಾರಿನ ರಿವರ್ಸ್ ಗೇರು ಒಂದೇ ಕಡೆ ಇಲ್ಲ. ಡೈಮಂಡಿನಲ್ಲಿ ಗೇರಿನ ಗುಂಡಿನ ಕೆಳಗೆ ಒಂದು ಬಳೆ ಇದೆ. ಆ ಬಳೆಯನ್ನು ಬೆರಳಿಂದ ಮೇಲೆತ್ತಿ, ಎಡಕ್ಕೆ ಎಳೆದು ಮುಂದೆ ತಳ್ಳಬೇಕು. ಸಿಂಹದಲ್ಲಿ ಬಳೆಯೂ ಇಲ್ಲ ಏನೂ ಇಲ್ಲ, ಬಲಕ್ಕೆ ತಳ್ಳಿ ಹಿಂದಕ್ಕೆ ಎಳೆದರೆ ಮುಗಿಯಿತು. ಸಿಂಹದಲ್ಲಿ ಎಡಕ್ಕೆ ಎಳೆದು ಮುಂದೆ ತಳ್ಳಿದರೆ ಅದು ಒಂದನೇ ಗೇರು.

ಆನೆಯ ಮೇಲೆ ಕಣ್ಣು ನೆಟ್ಟು ಕೂತಿದ್ದೆ. ನನ್ನ ಬೆರಳು ಗುಂಡಿನ ಕೆಳಗೆ ಬಳೆ ಹುಡುಕಿತು. ಸಿಗಲಿಲ್ಲ. ಸಿಗದಿದ್ದರೂ ಕೈ ನಿಲ್ಲಲಿಲ್ಲ, ಎಡಕ್ಕೆ ಎಳೆದು ಮುಂದೆ ತಳ್ಳಿತು. ಕ್ಲಚ್ ಬಿಟ್ಟೆ. ಸಿಂಹ ಗಕ್ಕನೆ ಆನೆಯ ಕಡೆಗೇ ಹಾರಿತು.

"ಅಯ್ಯಯ್ಯೋ, ಮುಂದ್ಕ್ಯಾಕೆ ಹೋಯ್ತಿದ್ದೀಯೇ!"

ಬ್ರೇಕ್ ತುಳಿದೆ, ಎಂಜಿನ್ ನಿಂತುಹೋಯಿತು. ಆನೆ ಕಿವಿ ಅಗಲಿಸಿ ಮರಿಯನ್ನು ಹಿಂದೆ ಹಾಕಿಕೊಂಡು ಎರಡು ಹೆಜ್ಜೆ ಮುಂದೆ ಬಂತು. ಅದರ ಹಣೆಯ ಮೇಲಿನ ಕೂದಲು ಕಾಣುವಷ್ಟು ಹತ್ತಿರ. ಯಜಮಾನರು ನನ್ನ ಮಣಿಕಟ್ಟನ್ನು ಹಿಡಿದುಕೊಂಡಿದ್ದರು. ನನಗೆ ದೇವರ ಹೆಸರೂ ನೆನಪಾಗಲಿಲ್ಲ. ರಿವರ್ಸ್ ಎಲ್ಲಿ, ರಿವರ್ಸ್ ಎಲ್ಲಿ ಎಂಬುದೊಂದೇ ತಲೆಯಲ್ಲಿ. ನಿಂತ ಎಂಜಿನ್ನಿಗೆ ರಿವರ್ಸ್ ಸಿಕ್ಕಿದರೆ ತಾನೇ ಏನು ಉಪಯೋಗ ಅಂತಲೂ ಹೊಳೆಯಲಿಲ್ಲ. ಆನೆ ನಮ್ಮನ್ನು ನೋಡಿತು. ಇವರಿಂದ ಏನೂ ಆಗುವ ಹಾಗಿಲ್ಲ ಅನ್ನಿಸಿರಬೇಕು, ತಿರುಗಿ ಮರಿಯನ್ನು ತಳ್ಳಿಕೊಂಡು ಬಿದಿರಿನ ಒಳಗೆ ಹೋಯಿತು.

ಎಂಜಿನ್ ಮತ್ತೆ ಸ್ಟಾರ್ಟ್ ಮಾಡಿಕೊಂಡು ಹೊರಟೆ. ಜವಳಗಿರಿ ಬಂದು, ಅಂಗಡಿ ಮುಂದೆ ನಿಲ್ಲಿಸಿ, ಟೀ ಬಂದ ಮೇಲೆ ಅವರು ಬಾಯಿ ಬಿಟ್ಟರು.

"ಶೆಡ್ಡು ಬ್ಯಾಡ."

ಯಾಕ್ರೀ ಅಂದೆ.

"ಯಾವ್ದಾನಾ ಒಂದಿಟ್ಕೋ. ಎರಡು ಬ್ಯಾಡ ಕಣೇ. ನಾಳೆ ಪಕ್ಕದಲ್ಲಿ ನಾನಿರಲ್ಲ. ಈ ದಾರೀಲಿ ನೀನೊಬ್ಳೇ ಬರೋಳು."

ಇಷ್ಟು ವರ್ಷದಲ್ಲಿ ಅವರು ನನ್ನಿಷ್ಟಕ್ಕೆ ಬಿಡದೆ ಹೇಳಿದ ಮಾತು ಅದೊಂದೇ.  ಅಲ್ಲಿಂದಲೇ ಗಿರಣಿಯವರಿಗೆ ಫೋನ್ ಮಾಡಿ ಶೆಡ್ಡು ಬೇಡ ಅಂದೆ.

ಎರಡು ಇಟ್ಟುಕೊಳ್ಳುವುದು ಬೇಡ ಎನ್ನುವುದು ತೀರ್ಮಾನವಾಯಿತು. ಯಾವುದು ಎನ್ನುವುದು ಮಾತ್ರ ಮೊದಲಿಗಿಂತ ಗೋಜಲಾಯಿತು. ಆನೆಯ ಮುಂದೆ ನನ್ನ ಕೈ ಹುಡುಕಿದ್ದು ಡೈಮಂಡಿನ ಬಳೆಯನ್ನು. ಪ್ರೀತಿಯ ಕಾರಿನಲ್ಲಿ ಕೂತು ಕೆಲಸದ ಕಾರಿನ ಗೇರು ಹುಡುಕಿದೆನಲ್ಲ! ಹಾಗಾದರೆ ಒಳಗೊಳಗೆ ನನಗೆ ಬೇಕಾಗಿರುವುದು ಅದೇ ಏನು? ಅಥವಾ ಹಿಂದಿನ ದಿನ ಅದನ್ನು ಓಡಿಸಿದ್ದೆ, ಅಷ್ಟೇನೋ. ಮೆಕ್ಯಾನಿಕ್ಕಿಗೆ ಫೋನ್ ಮಾಡಿ ಗಿರಾಕಿ ನೋಡು ಅಂದೆ. "ಯಾವ್ದಕ್ಕೆ ಅಕ್ಕಾ?" ಅಂದ. "ಅದೇ ನಂಗೂ ಗೊತ್ತಾಗ್ಬೇಕು ಕಣಪ್ಪ" ಅಂದೆ. ಅವನು ನಕ್ಕ ನಗು ಗ್ಯಾರೇಜಿನ ಆಚೆಗೂ ಕೇಳಿಸಿರಬೇಕು. ಕಾಡಿನಲ್ಲಿ ಗಾಬರಿಯಾದಾಗ ಕೈ ಎಲ್ಲಿಗೆ ಹೋಗುತ್ತದೋ ಅದೇ ಕಾರು ಇರಲಿ ಅಂತ ಕೊನೆಗೆ ಮನಸ್ಸು ಗಟ್ಟಿ ಮಾಡಿಕೊಂಡೆ. ಮನಸ್ಸು ಗಟ್ಟಿಯಾದದ್ದು ಸುಳ್ಳು, ಪಾಯ ಅಗೆಯುವ ದಿನ ಹತ್ತಿರ ಬಂದಿತ್ತು.

ಸಿಂಹವನ್ನು ನೋಡಲು ಕೃಷ್ಣಗಿರಿ ಕಡೆಯ ಮಾವಿನ ತೋಟದವರೊಬ್ಬರು ಬಂದರು, ವಯಸ್ಸಾದವರು. ಬಾನೆಟ್ ಎತ್ತಲಿಲ್ಲ, ಟೈರು ಒದೆಯಲಿಲ್ಲ. ಬಾಗಿಲು ತೆಗೆದು ಕೂತು ಸೀಟಿನ ಮೇಲೆ ಅಂಗೈ ಆಡಿಸಿದರು. "ನಮ್ಮತ್ರಾನೂ ಇಂಥದೇ ಇತ್ತಮ್ಮಾ. ತುಕ್ಕು ತಿಂದ್ಬುಡ್ತು" ಅಂದರು. ಅವರಿಗೆ ಗೇರು ಸಿಗದೆ ಕರಕರ ಅನ್ನಿಸಲಿ, ಆ ನೆಪದಲ್ಲಿ ಕೊಡಲ್ಲ ಅಂದುಬಿಡೋಣ ಅಂತ ನಾನು ಹೊಂಗೆ ಮರದ ಕೆಳಗೆ ಕಾದು ನಿಂತಿದ್ದೆ. ಅವರು ಸ್ಟಾರ್ಟ್ ಮಾಡಿದರು. ಗೇರಿನ ಕಡೆ ನೋಡಲೇ ಇಲ್ಲ. ಕೈ ತಾನಾಗಿ ಬಲಕ್ಕೆ ಹೋಗಿ ಹಿಂದಕ್ಕೆ ಎಳೆಯಿತು. ಸಿಂಹ ಒಂದು ಸದ್ದೂ ಮಾಡದೆ ಸೈಟಿನಿಂದ ಹಿಂದೆ ಹಿಂದೆ ಸರಿದು ರಸ್ತೆಗೆ ಇಳಿಯಿತು. ನನಗೆ ಹೊಟ್ಟೆಕಿಚ್ಚಾಯಿತು, ಸಮಾಧಾನವೂ ಆಯಿತು. ಎರಡರಲ್ಲಿ ಯಾವುದು ಹೆಚ್ಚು ಅಂತ ಇವತ್ತಿಗೂ ಹೇಳಲಾರೆ.

ಸೋಮವಾರ ಬೆಳಿಗ್ಗೆ ಪಕ್ಕದ ಸೈಟಿನಲ್ಲಿ ಜೆಸಿಬಿ ಬಂದು ನಿಂತಿತ್ತು. ನಾನು ಡೈಮಂಡಿನಲ್ಲಿ ಕೂತೆ. ಇನ್ನು ಒಂದೇ ಕಾರು, ಒಂದೇ ಗೇರು, ಗೊಂದಲವೇ ಇಲ್ಲ. ಯಜಮಾನರು ಗೇಟು ತೆಗೆದು ಹಿಡಿದು "ಬಾ, ಬಾ" ಎಂದು ಕೈ ಬೀಸಿದರು. ಹಿಂದಕ್ಕೆ ತೆಗೆಯಲು ಕನ್ನಡಿ ನೋಡಿಕೊಂಡು ಗೇರು ಹಾಕಿ ಕ್ಲಚ್ ಬಿಟ್ಟೆ. ಕಾರು ಮೈಯೆಲ್ಲ ನಡುಗಿ, ಇದ್ದಲ್ಲೇ ನಿಂತುಹೋಯಿತು.

ಕೆಳಗೆ ನೋಡಿದೆ. ನನ್ನ ಕೈ ಗೇರನ್ನು ಬಲಕ್ಕೆ ತಳ್ಳಿ ಹಿಂದಕ್ಕೆ ಎಳೆದಿತ್ತು. ಡೈಮಂಡಿನಲ್ಲಿ ಅಲ್ಲಿರುವುದು ಆರನೇ ಗೇರು.

"ಏನಾಯ್ತೇ?" ಎಂದು ಯಜಮಾನರು ಗೇಟಿನಿಂದಲೇ ಕೂಗಿದರು.

"ಏನಿಲ್ಲಾ ರೀ. ಸಿಂಹದ ರಿವರ್ಸ್ ಹಾಕ್ಬುಟ್ಟೆ."

ಅವರು ನಗುತ್ತಾರೆ ಅಂದುಕೊಂಡೆ. ನಗಲಿಲ್ಲ. ಗೇಟನ್ನು ಹಾಗೇ ಹಿಡಿದು ಪಕ್ಕದ ಸೈಟಿನ ಕಡೆ ನೋಡುತ್ತಾ ನಿಂತರು. ನಾನು ಮತ್ತೆ ಸ್ಟಾರ್ಟ್ ಮಾಡಿದೆ. ಆಮೇಲೆ ಬೆರಳಿಂದ ಬಳೆ ಎತ್ತಿ, ಎಡಕ್ಕೆ ಎಳೆದು, ಮುಂದೆ ತಳ್ಳಿ, ಶಾಲೆಗೆ ಹೊರಟೆ.