ಚಾಚಾ ತಂದ ಜಪಾನಿ ಚೀಟಿ

ಮೊನ್ನೆ ಚುನಾವಣೆಯ ಜೀಪಿನಿಂದ ತೂರಿದ ಕರಪತ್ರವೊಂದು ಹಾರಿಬಂದು, ಒಣಹಾಕಿದ್ದ ನನ್ನ ಹಪ್ಪಳಕ್ಕೆ ಅಂಟಿಕೊಂಡಿತು. ಕಿತ್ತಾಗ ಹಸಿ ಮಸಿಯ ವಾಸನೆ ಮೂಗಿಗೆ ಬಡಿಯಿತು. ತಟ್ಟನೆ ನೆನಪಾದವರು ಇಳಕಲ್ಲಿನ ನಮ್ಮ ಪಕ್ಕದ ಮನೆಯ ಚಾಚಾ...

ನಾನಾಗ ಆ ಓಣಿಗೆ ಹೊಸ ಸೊಸೆ. ಚಾಚಾ ನೇಕಾರರು. ಯುದ್ಧದ ಕಾಲದಲ್ಲಿ ಪಲ್ಟನ್ನಿನ ಅಡಿಗೆಯವರಾಗಿ ಬರ್ಮಾಕ್ಕೆ ಹೋಗಿ, ಒಂದು ತಗಡಿನ ಪೆಟ್ಟಿಗೆಯೊಂದಿಗೆ ಮರಳಿದ್ದರು. ಅದರ ತಳದಲ್ಲಿ ಅವರ ಹೆಂಡತಿಗೆ, ಅಂದರೆ ಚಾಚಿಗೆ, ಒಂದು ಚೀಟಿ ಸಿಕ್ಕಿತು. ಬಾಗಿಲಲ್ಲಿ ನಿಂತ ಚೆಂದದ ಹೆಂಗಸಿನ ಚಿತ್ರ; ಕೆಳಗೆ ಯಾವುದೋ ದೇಶದ ಅಕ್ಷರ.

"ಯಾರ್ರಿ ಇಕಿ?"

"ಯಾರೂ ಅಲ್ಲ. ಜಪಾನಿ ಸಿಪಾಯಿಗೋಳು ಮನಿ ನೆನಸಿ ಶರಣಾಗ್ಲಿ ಅಂತ ನಮ್ಮ ವಿಮಾನದಾಗಿಂದ ಇಂಥಾ ಚೀಟಿ ಒಗೀತಿದ್ರು. ಗಾಳಿಗೆ ಬಂದು ನಮ್ಮ ಅಡಗಿ ಡೇರೆ ಮ್ಯಾಲೆ ಬಿತ್ತು."

"ವೈರಿಗೆ ಬರದದ್ದು ನಿಮ್ಮ ಪೆಟಗಿಯೊಳಗ ಯಾಕ?"

ಚಾಚಾ ಎದ್ದು, ನೇಯಲು ಕೂರುವ ಮಗ್ಗದ ಕುಣಿಗೆ ಇಳಿದುಬಿಟ್ಟರು. ಅಂದಿನಿಂದ ಚಾಚಿ ಮಾತು ಬಿಟ್ಟರು. ರೊಟ್ಟಿಯನ್ನು ಬಡಿಸುತ್ತಿರಲಿಲ್ಲ, ಎಸೆಯುತ್ತಿದ್ದರು.

ಓಣಿಯ ಹೆಂಗಸರಲ್ಲಿ ನಾಲ್ಕನೆಯ ಇಯತ್ತೆ ಕಲಿತವಳು ನಾನೊಬ್ಬಳೇ. ಚಾಚಿ ಚೀಟಿಯನ್ನು ನನ್ನ ಕೈಗಿಟ್ಟರು. ತಲೆಕೆಳಗು ಮಾಡಿಯೂ ನೋಡಿದೆ.

"ಇದನ್ನ ನಮ್ಮ ಸಾಲ್ಯಾಗ ಕಲಿಸಿಲ್ರಿ, ಚಾಚಿ."

"ಮತ್ತೇನ್ ಕಲಿಸಿದ್ರವಾ ನಿನಗ?"

ಅಷ್ಟರಲ್ಲಿ ಸೈಕಲ್ಲಿನ ಮೇಲೆ ರೇಷ್ಮೆಯ ಗಂಟು ಹೇರಿಕೊಂಡು ಒಬ್ಬ ಚೀನಾದವನು ಬಂದ. ಇಳಕಲ್ಲಿಗೇ ಬಂದು ಬಟ್ಟೆ ಮಾರುವ ಎದೆಗಾರ! ಚಾಚಿ ಅವನನ್ನು ಕಟ್ಟೆಯ ಮೇಲೆ ಕೂರಿಸಿ ಚೀಟಿ ತೋರಿಸಿದರು. ಅದು ತನ್ನ ಭಾಷೆಯಲ್ಲ, ಆದರೆ ಕೆಲವು ಅಕ್ಷರ ಗೊತ್ತು ಎಂದು ಹರಕು ಹಿಂದುಸ್ತಾನಿಯಲ್ಲಿ ಹೇಳಿ, ಬೆರಳಿಟ್ಟು ಓದಿದ: "ಘರ್... ಇಂತಜಾರ್... ವಾಪಸ್ ಆವೋ..."

"ಕೇಳಿದೇನವಾ? ಮನ್ಯಾಗ ದಾರಿ ಕಾಯಾಕತ್ತೀನಿ, ತಿರಗಿ ಬಾ ಅಂತ ಕರದಾಳ ಆ ಪುಣ್ಯಾತ್ಗಿತ್ತಿ!"

ಚಾಚಿ ಒಳಗೆ ಹೋಗಿ ಗುಡೂರಿನ ತವರಿಗೆ ಹೊರಡಲು ಬಟ್ಟೆ ಕಟ್ಟತೊಡಗಿದರು. ಆಗ ಚಾಚಾ ಮಗ್ಗದ ಕುಣಿಯಿಂದ ಎದ್ದು ಬಂದರು.

"ನನಗ ಓದಾಕ ಬರ್ತಿದ್ದಿಲ್ಲ. ಬಾಗಲದಾಗ ನಿಂತಾಕಿನ್ನ ನೋಡಿದೆ. ನೀನೂ ಹಿಂಗ ನಿಂತಿರ್ತಿ ಅನಿಸ್ತು. ಅವತ್ತ ಶರಣಾಗಿ ಮನಿಗೆ ಬಂದಬಿಡ್ಬೇಕಂದೆ. ಆದ್ರ ಚೀಟಿ ಒಗದವ್ರ ನಮ್ಮವ್ರು... ಯಾರಿಗೆ ಶರಣಾಗ್ಲಿ?"

ಕನ್ನಡದ ಒಂದಕ್ಷರ ತಿಳಿಯದಿದ್ದರೂ ಚೀನಾದವನು ಗಂಭೀರವಾಗಿ ತಲೆಯಾಡಿಸಿದ.

ಚಾಚಿ ಗಂಟು ಹಿಡಿದು ಅಲ್ಲೇ ಕುಸಿದರು. ಸೆರಗು ಬಾಯಿಗೊತ್ತಿ ನಕ್ಕರು, ನಗುತ್ತಲೇ ಅತ್ತರು. "ಶರಣಾಗಾಕ ಅಷ್ಟು ದೂರ ಹೋಗಬೇಕಿತ್ತೇನ್ರಿ?"

ಆಮೇಲೆ ಚಾಚಿ ದನಿ ಏರಿಸಿದಾಗಲೆಲ್ಲ ಚಾಚಾ ಎರಡೂ ಕೈ ಮೇಲೆತ್ತಿ ನಿಲ್ಲುತ್ತಿದ್ದರು. ನೋಡನೋಡುತ್ತಾ ನಮ್ಮ ಓಣಿಯ ಗಂಡಸರೆಲ್ಲ ಅದನ್ನೇ ಕಲಿತರು.

ಚಾಚಿ ಮೊದಲು ಹೋದರು, ಮರುವರ್ಷ ಚಾಚಾ. ಆ ಮನೆಯಲ್ಲಿ ಈಗ ಬೇರೆಯವರಿದ್ದಾರೆ. ಒಳ್ಳೆಯವರೇ. ಆದರೆ ಜಗಳ ಶುರುವಾದರೆ ಬಾಗಿಲು ಹಾಕಿಕೊಳ್ಳುತ್ತಾರೆ... ನನಗೆ ಏನೂ ಕೇಳಿಸುವುದಿಲ್ಲ.