ಬೆಲ್ಲ ಮಾತ್ರ

ಮೊನ್ನೆ ಕಲ್ಲುಗುಂಡಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ರಬ್ಬರ್ ಶೀಟು ಹೇರಿಕೊಂಡ ಪಿಕಪ್ ಒಂದು ಪಕ್ಕದಲ್ಲೇ ಬಂದು ನಿಂತಿತು. ಆ ಹುಳಿ ನಾತ ಮೂಗಿಗೆ ಬಡಿದದ್ದೇ ತಡ, ಆಚೆಮನೆ ಅಕ್ಕ ನೆನಪಾದರು. ದಿನವೂ ಮಲ್ಲಿಗೆ ಮುಡಿಯುತ್ತಿದ್ದವರು ಈ ನಾತಕ್ಕೆ ನೆನಪಾದರಲ್ಲ ಎಂದು ನಗುವೂ ಬಂತು...

ಆಗೆಲ್ಲ ನಮ್ಮ ಮನೆಗೂ ಕುಡಿಯಲು ಅಕ್ಕನ ಬಾವಿಯ ನೀರೇ. ಮೇಲಿನ ಗುಡ್ಡೆಮನೆಯ ಅಣ್ಣನೂ ಬೇಸಗೆಯಲ್ಲಿ ಅಲ್ಲಿಂದಲೇ ಒಯ್ಯುತ್ತಿದ್ದರು, ಅವರು ಕೊರೆಸಿದ ಬೋರಿನಲ್ಲಿ ನೀರು ಸಿಕ್ಕಿರಲಿಲ್ಲ. ಅಣ್ಣನ ತೋಟದ ರಬ್ಬರ್ ಹಾಲಿಗೆ ಆಸಿಡ್ ಹಾಕಿ ಶೀಟು ಮಾಡಿದ ಮೇಲೆ ಉಳಿಯುವ ಕೊಳಕು ನೀರಿಗೆ ಊರೆಲ್ಲ ಮೂಗು ಮುಚ್ಚುತ್ತಿತ್ತು. ಅಣ್ಣ ಪೈಪು ಜೋಡಿಸಿ ಅದನ್ನೆಲ್ಲ ಆ ಬೋರಿನೊಳಗೆ ಬಿಟ್ಟರು. ನಾತ ಹೋಯಿತು. ಎಂಥಾ ತಲೆ ಮಾರಾಯ್ರೆ ಎಂದು ನನ್ನ ಅಪ್ಪನೂ ಹೊಗಳಿದರು.

ಅಕ್ಕನಿಗೆ ಮಾತ್ರ ಸಮಾಧಾನವಿರಲಿಲ್ಲ. ಹೋಗಿ ಕೇಳಿದರು.

"ಅದು ಪಾತಾಳಕ್ಕೆ ಹೋಗುದು ಅಕ್ಕ, ನಿಮಗೆಂತ ತೊಂದರೆ?" ಎಂದರು ಅಣ್ಣ.

"ನಮ್ಮ ಬಾವಿಗೆ ನೀರು ಬರುದು ಮತ್ತೆ ಎಲ್ಲಿಂದ?"

ಅಣ್ಣ ನಕ್ಕುಬಿಟ್ಟರು. ಅಕ್ಕ ಗುಡ್ಡೆ ಇಳಿದು ಬಂದರು.

ಆಮೇಲೆ ಅಣ್ಣ ಮಗಳ ಮದುವೆಗೆ ಹೇಳಲು ಬಂದರು. ನಾನೂ ಅಕ್ಕನ ಜಗಲಿಯಲ್ಲಿದ್ದೆ. ನಮ್ಮ ಕಡೆ ಯಾರೇ ಬರಲಿ, ಮೊದಲು ಬೆಲ್ಲ, ನೀರು. ಜಗಳವಿದ್ದರೂ ಅದು ತಪ್ಪುವುದಿಲ್ಲ. ಅಕ್ಕ ತಟ್ಟೆಯಲ್ಲಿ ಬೆಲ್ಲ ತಂದಿಟ್ಟು ಕೂತರು. ಚೊಂಬು ಬರಲಿಲ್ಲ. ಅಣ್ಣ ಒಂದು ತುಂಡು ಬಾಯಿಗೆ ಹಾಕಿ ಕಾದರು, ಒಳಗೆ ಇಣುಕಿದರು, ಕೆಮ್ಮಿದರು.

"ನೀರು...?"

"ಕೊಡ್ಲಿಕ್ಕೆ ನನಗೆ ಧೈರ್ಯ ಇಲ್ಲ ಮಾರಾಯ. ಮದುವೆ ದಿನ ದಿಬ್ಬಣದವರಿಗೆ ನೀನು ಎಂತ ಕುಡಿಸುದು?"

ದನಿಯಲ್ಲಿ ಸಿಟ್ಟಿರಲಿಲ್ಲ. ಅಣ್ಣನ ಮುಖ ಸಣ್ಣದಾಯಿತು.

ಮರುದಿನವೇ ಪೈಪು ಕಿತ್ತು, ಬೋರಿನ ಬಾಯಿಗೆ ಸಿಮೆಂಟು ಹಾಕಿಸಿದರು. ಶೀಟಿನ ನೀರಿಗೆ ಬೇರೆ ತೊಟ್ಟಿ ಕಟ್ಟಿಸಿದರು. ನಾತ ವಾಪಸು ಬಂತು. ಅಪ್ಪ ಗೊಣಗಿದ್ದಕ್ಕೆ ಅಕ್ಕ, "ಮೂಗು ಮುಚ್ಚಿಕೊಳ್ಳಬಹುದು, ಬಾಯಾರಿಕೆಗೆ ಎಂತ ಮಾಡುದು?" ಎಂದು ತಾವೂ ಸೆರಗಿನಿಂದ ಮೂಗು ಮುಚ್ಚಿಕೊಂಡರು. ಮದುವೆಗೆ ನೀರು ಅವರ ಬಾವಿಯಿಂದಲೇ ಹೋಯಿತು.

ಊರು ಬಿಟ್ಟಿದ್ದ ನಾನು ಅಕ್ಕ ತೀರಿಕೊಂಡ ಮೇಲೆ ಆ ಕಡೆ ಹೋಗಿರಲಿಲ್ಲ. ಮೊನ್ನೆ ಬಂದ ಬಸ್ಸನ್ನು ಹೋಗಲು ಬಿಟ್ಟು ಆಚೆಮನೆಗೆ ನಡೆದೆ. ಅಕ್ಕನ ಸೊಸೆ ಬೆಲ್ಲ ತಂದಿಟ್ಟಳು, ಜೊತೆಗೆ ಬಾವಿಯ ನೀರು. ಅದೇ ತಂಪು, ಅದೇ ರುಚಿ. ಗಟಗಟನೆ ಕುಡಿದು, ಖಾಲಿ ಚೊಂಬು ಹಿಡಿದುಕೊಂಡು ಕೂತೆ. ಅಕ್ಕ ಇದ್ದಿದ್ದರೆ ಕೇಳದೆಯೇ ಇನ್ನೊಮ್ಮೆ ತುಂಬಿಸುತ್ತಿದ್ದರು...